ದೇವಸಮುದ್ರವನ್ನು ಕಡಲತೀರ ಮಾಡಿದ ಮಹನೀಯರಿಗೆ

ದೇಶದ ಕಡಲಂಚನ್ನು ಕಾಲ್ನಡಿಗೆಯಲ್ಲೇ ಸುತ್ತಲು ಹೊರಟಿರುವ ತೀರಯಾತ್ರಾ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಪಕ್ಕದ ಹಟ್ಟಿಯಿಂದ, ಅಂದರೆ ತಮ್ಮ ನಕ್ಷೆಯ ಪ್ರಕಾರ ಅಲೆಗಳ ಅಂಚಿನಿಂದ, ತಮ್ಮ ಪಾದಗಳಿಗೆ, ಅದರಲ್ಲೂ ಬೊಬ್ಬೆ ಎದ್ದ ಪಾದಗಳಿಗೆ, ನಮ್ಮೆಲ್ಲರ ನಮಸ್ಕಾರಗಳು.

ಹೆಸರಿನಲ್ಲಿ ಸಮುದ್ರ ಇರುವ ಊರುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಹೆಕ್ಕಿ ತೀರದ ಪಟ್ಟಿ ಮಾಡಿದ ತಮ್ಮ ಕಚೇರಿಯ ಜಾಣರಿಗೆ ಮೊದಲ ವಂದನೆ. ಈ ಸೀಮೆಯಲ್ಲಿ ಹಿಂದಿನವರು ದೊಡ್ಡ ಕೆರೆ ಕಟ್ಟಿಸಿದರೆ ಅದನ್ನೇ ಸಮುದ್ರ ಅನ್ನುತ್ತಿದ್ದರು. ಆ ಬಡಾಯಿಯನ್ನು ಇಷ್ಟು ಮನಸ್ಸಿಟ್ಟು ನಂಬಿದವರು ತಾವೇ ಮೊದಲು. ಕಳೆದ ತಿಂಗಳು ಬಾವುಟ, ಬ್ಯಾಂಡೇಜು ಸಮೇತ ಬಂದ ತಮ್ಮ ಹನ್ನೊಂದು ಪಾದಯಾತ್ರಿಗಳು ಬೀಚ್ ಎಲ್ಲಿ ಎಂದು ಕೇಳಲಾಗಿ, ಒಣಗಿದ ಕೆರೆಯಂಗಳದಲ್ಲಿ ಕುರಿ ಮೇಯಿಸುತ್ತಿದ್ದ ಪೆದ್ದಣ್ಣನವರು, ತಾವು ನಿಂತಿರುವುದೇ ಸಮುದ್ರದ ನಟ್ಟನಡುವೆ ಎಂದು ವಿನಯದಿಂದ ತಿಳಿಸಿದರು. ಪ್ರತಿ ತೀರದಲ್ಲೂ ಒಂದು ಬಾಟಲಿ ಉಪ್ಪುನೀರು ತುಂಬಿಕೊಳ್ಳುವ ವ್ರತ ಅವರದಂತೆ. ವ್ರತ ಕೆಡಬಾರದೆಂದು ನಮ್ಮ ಹುಚ್ಚಕ್ಕ ಮನೆಯೊಳಗೆ ಹೋಗಿ, ಚೊಂಬು ನೀರಿಗೆ ಹಿಡಿ ಉಪ್ಪು ಕದಡಿ ತಂದು, “ರುಚಿ ನೋಡ್ರಪ್ಪ, ಸಾಲದಿದ್ರೆ ಇನ್ನೊಂಚೂರು ಹಾಕ್ತೀನಿ” ಅಂದಳು. ನೋಡಿದರು, ಸಾಕು ಅಂದರು, ತೀರ ತಲುಪಿದೆವು ಎಂದು ಬರೆದುಕೊಂಡು ಫೋಟೊ ಹೊಡೆಸಿಕೊಂಡು ಹೋದರು.

ಇಲ್ಲಿಯವರೆಗೆ ನಮ್ಮದೇನೂ ತಕರಾರಿಲ್ಲ, ನಕ್ಕು ಸುಮ್ಮನಾಗಿದ್ದೆವು. ಆದರೆ ತಮ್ಮವರು ನಡೆಯಲು ದಾರಿ ಬಿಡುವ ಸಲುವಾಗಿ ಅಂದು ನಿಲ್ಲಿಸಿದ ಬೆಳಗಿನ ಏಳೂವರೆ ಬಸ್ಸು ಮಾರನೇ ದಿನವೂ ಬರಲಿಲ್ಲ. ಬಸ್ಸಿನ ಕಚೇರಿಯಲ್ಲಿ ವಿಚಾರಿಸಿದರೆ, ತಮ್ಮ ಪಟ್ಟಿಯಲ್ಲಿ ಈ ಹಾದಿ ‘ಕಡಲತೀರದ ಕಾಯಂ ಕಾಲುದಾರಿ’ ಎಂದು ನಮೂದಾಗಿದೆಯಂತೆ, ಕಾಲುದಾರಿಯಲ್ಲಿ ಬಸ್ಸು ಬಿಡುವಂತಿಲ್ಲವಂತೆ. ಅದೇ ಬಸ್ಸಿಗೆ ಹೋಗಿ ಮೊಳಕಾಲ್ಮೂರಿನಲ್ಲಿ ಬೇರೆಯವರ ಮಗ್ಗದ ಮೇಲೆ ರೇಷ್ಮೆ ಸೀರೆ ನೇಯುತ್ತಿದ್ದ ಯರ್ರಮ್ಮನವರು ಈಗ ಲಾರಿ ಸಿಗುವ ಡಾಂಬರು ರಸ್ತೆಯವರೆಗೆ ಏಳು ಕಿಲೋಮೀಟರ್ ನಡೆಯುತ್ತಾರೆ, ಸಂಜೆ ಮತ್ತೆ ಏಳು. ದಿನಾ ತಡವಾಗುವುದನ್ನು ಕಂಡ ಮಗ್ಗದ ಯಜಮಾನರು, ಬರುವ ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬರದಿದ್ದರೆ ಆ ಜಾಗದಲ್ಲಿ ಬೇರೆಯವರನ್ನು ಕೂರಿಸುವುದಾಗಿ ಹೇಳಿದ್ದಾರೆ. “ಕಾಲು ನಡೀತಾವಣ್ಣ, ಮಗ್ಗ ಕಾಯಲ್ಲ” ಅಂತ ಆಯಮ್ಮ ನನ್ನ ಹತ್ರ ಹೇಳಿದ್ದು ಇಷ್ಟೇ.

ದಿನಕ್ಕೆ ಹದಿನಾಲ್ಕರಂತೆ ನಡೆದರೆ ದೇಶದ ಇಡೀ ಕಡಲಂಚಿನಷ್ಟು ದೂರವನ್ನು ಆಯಮ್ಮ ಒಂದೆರಡು ವರ್ಷದಲ್ಲಿ ಮುಗಿಸುತ್ತಾರೆ, ಅದೂ ಹವಾಯಿ ಚಪ್ಪಲಿಯಲ್ಲಿ, ಕಂಕುಳಲ್ಲಿ ಬುತ್ತಿ ಇಟ್ಟುಕೊಂಡು, ಹಿಂದೆ ಆಂಬುಲೆನ್ಸ್ ಇಲ್ಲದೆ. ತಮ್ಮವರಿಗೆ ನಡಿಗೆ ಸಾಹಸ. ನಮ್ಮವರಿಗೆ ಅದು ಬಸ್ಸು ತಪ್ಪಿದ ದಿನದ ಶಿಕ್ಷೆ. ಆದಕಾರಣ ಪ್ರಾರ್ಥನೆ ಏನೆಂದರೆ, ಪಟ್ಟಿಯೇ ನಿಜವಾಗಿದ್ದಲ್ಲಿ ದಯಮಾಡಿ ಸಮುದ್ರವನ್ನೂ ಕಳಿಸಿಕೊಡಿ. ಬ್ರಹ್ಮಗಿರಿಯ ನೆತ್ತಿಯ ಮೇಲೊಂದು ದೀಪಸ್ತಂಭ, ತಳಕಿನಲ್ಲೊಂದು ಬಂದರು, ಚಳ್ಳಕೆರೆಗೆ ಹಡಗಿನ ಟಿಕೆಟ್ ಕೌಂಟರು, ಯರ್ರಮ್ಮನವರಿಗೆ ಏಳೂವರೆಗೆ ಸರಿಯಾಗಿ ಒಂದು ದೋಣಿ. ಇದೆಲ್ಲ ಕಷ್ಟವಾದಲ್ಲಿ ಒಂದೇ ಒಂದು ಗೆರೆ ಎಳೆದು ನಮ್ಮೂರಿನ ಹೆಸರನ್ನು ಹೊಡೆದುಹಾಕಿ, ಸಹಿ ಮಾಡಿ, ಬಸ್ಸಿನ ಕಚೇರಿಗೆ ಒಂದು ಪ್ರತಿ ಕಳಿಸಿ. ಸೋಮವಾರಕ್ಕೆ ಮುಂಚೆ.

ಬಸ್ಸು ಬರುವವರೆಗೆ ಮಾತ್ರ,
ತಮ್ಮ ವಿಶ್ವಾಸಿ,
ತಿಪ್ಪೇರುದ್ರ

ತಾ.ಕ.: ಯರ್ರಮ್ಮನವರ ಮಗ್ಗದಲ್ಲಿ ಬೇರೆಯವರು ಕೂತ ದಿನ, ನಾವು ಇಡೀ ಹಟ್ಟಿಯವರು ತಮ್ಮ ಕಚೇರಿಗೆ ನಡೆದು ಬರುತ್ತೇವೆ, ತಮ್ಮ ಕುರ್ಚಿಯ ಸುತ್ತ ಕೂರುತ್ತೇವೆ. ಎದ್ದು ಹೋಗಿ ಅಂತ ಮಾತ್ರ ದಯವಿಟ್ಟು ಅನ್ನಬೇಡಿ, ಊರಿಗೆ ಬಸ್ಸಿಲ್ಲ.