ನಾನು ಮುರಿದ ಮೀಟುಬಿಲ್ಲೆ

ಅಡಿಕೆ ತಿನ್ನುವುದು ತಪ್ಪಲ್ಲ. ಹಲ್ಲಿನಲ್ಲಿ ಸಂದಿ ಇಟ್ಟುಕೊಂಡು ತಿನ್ನುವುದು ತಪ್ಪು. ನನ್ನ ಬಲಗಡೆಯ ದವಡೆಯಲ್ಲಿ ಅಡಿಕೆ ಚೂರೊಂದು ಸಿಕ್ಕಿಕೊಂಡರೆ ನನಗೆ ಲೋಕವೇ ಕಾಣುವುದಿಲ್ಲ. ಕೈಗೆ ಸಿಕ್ಕ ಚೂಪಾದದ್ದೆಲ್ಲ ಹಲ್ಲುಕಡ್ಡಿಯೇ. ಹೆಂಡತಿಯ ಹೇರ್‌ಪಿನ್ನು, ಮಕ್ಕಳ ಕೈವಾರ, ಒಮ್ಮೆ ಬಸ್ಸಿನಲ್ಲಿ ಪಕ್ಕದವರ ಮದುವೆ ಕಾಗದದ ಮೂಲೆ. ಇವಕ್ಕೆಲ್ಲ ನಗಬಹುದು. ನಗಲಾಗದ್ದು ಒಂದಿದೆ.

ಅರವತ್ತರ ದಶಕದಲ್ಲಿ ನಾನು ಹೊಸನಗರದ ಶಾಲೆಯೊಂದರಲ್ಲಿ ಲೆಕ್ಕದ ಮೇಷ್ಟ್ರು. ಅಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಶ್ರೀಪಾದರಾಯರು ಮ್ಯಾಂಡೊಲಿನ್ ನುಡಿಸುತ್ತಿದ್ದರು. ತಂತಿ ಮೀಟಲು ಅವರ ಬಳಿ ಆಮೆಚಿಪ್ಪಿನ ಪುಟ್ಟ ಬಿಲ್ಲೆಯೊಂದಿತ್ತು. ನಾವದನ್ನು ಮೀಟುಬಿಲ್ಲೆ ಎನ್ನುತ್ತಿದ್ದೆವು. ಸಾಗರದಲ್ಲಿದ್ದ ಅವರ ಗುರುಗಳು ತೀರಿಕೊಳ್ಳುವ ಮುಂಚೆ ಕೈಯಾರೆ ಕೊಟ್ಟದ್ದು. ವಾರ್ಷಿಕೋತ್ಸವದ ಮಧ್ಯಾಹ್ನ ರಾಯರು ಅದನ್ನು ಸ್ಟಾಫ್ ರೂಮಿನ ಮೇಜಿನ ಮೇಲಿಟ್ಟು ಊಟಕ್ಕೆ ಹೋದರು. ನನ್ನ ಊಟ ಮುಗಿದಿತ್ತು, ಬಾಯಲ್ಲಿ ಎಲೆಯಡಿಕೆ ಇತ್ತು. ಮುಂದಿನದನ್ನು ನೀವು ಆಗಲೇ ಊಹಿಸಿರುತ್ತೀರಿ. ಟಕ್ ಎಂದಿತು. ಹಲ್ಲೇ ಮುರಿದಿದ್ದರೆ ಎಷ್ಟು ಚೆನ್ನಾಗಿತ್ತು! ಎರಡೂ ತುಂಡುಗಳನ್ನು ಕಿಟಕಿಯಾಚೆ ಪೊದೆಗೆ ಎಸೆದು, ಪಂಚಾಂಗ ಓದುವವನಂತೆ ಕೂತೆ.

ಅಷ್ಟರಲ್ಲಿ ಜವಾನ ತಿಮ್ಮಪ್ಪ ಬಂದು ಕೋಣೆ ಗುಡಿಸಿ ಹೋದ. ಆಮೇಲೆ ರಾಯರು ಬಂದರು, ಹುಡುಕಿದರು, ತಿಮ್ಮಪ್ಪನನ್ನು ಕರೆದರು. ಯಾರಿಗೂ ಗದರದ ಮನುಷ್ಯ ಅಂದು ಎಲ್ಲರೆದುರು, "ಕಣ್ಣು ಕಾಣೂದಿಲ್ವೇನೋ ನಿಂಗೆ?" ಎಂದುಬಿಟ್ಟರು.

"ನೋಡ್ಲಿಲ್ಲ ಸಾರ್. ಗುಡ್ಸಿ ಹಾಕ್ದ್ನೋ ಏನೋ" ಎಂದ ತಿಮ್ಮಪ್ಪ, ಹಿತ್ತಲಿಗೆ ಹೋಗಿ ಕಸದ ಗುಂಡಿಯನ್ನು ಬರಿಗೈಯಲ್ಲಿ ಕೆದಕತೊಡಗಿದ. ನಾನು ಸುಮ್ಮನಿರಬಹುದಿತ್ತಲ್ಲ? ಅದೂ ಆಗಲಿಲ್ಲ. ಪಂಚೆ ಎತ್ತಿ ಕಟ್ಟಿ ಅವನ ಪಕ್ಕ ಕೂತು ನಾನೂ ಕೆದಕಿದೆ. ಸಿಗುವುದಿಲ್ಲವೆಂದು ಗೊತ್ತಿದ್ದವನು ಎಷ್ಟು ಶ್ರದ್ಧೆಯಿಂದ ಹುಡುಕಬಲ್ಲನೆಂಬುದು ನನಗೆ ಅಂದೇ ತಿಳಿದದ್ದು.

ಸಂಜೆ ರಾಯರು ರಟ್ಟಿನ ಚೂರೊಂದರಲ್ಲಿ ನುಡಿಸಿದರು. ಗೋಣಿಚೀಲದೊಳಗೆ ಇಲಿ ಕೆರೆದಂತೆ ಕೇಳಿಸಿತು. ಅರ್ಧಕ್ಕೇ ನಿಲ್ಲಿಸಿ ಕೈಮುಗಿದರು. ಆ ವರ್ಷವೇ ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು.

ಎರಡು ವರ್ಷದ ಮೇಲೆ ಶಿವಮೊಗ್ಗದಲ್ಲಿ ಕೊಂಡ ಹೊಸ ಬಿಲ್ಲೆಯೊಂದನ್ನು ಹಿಡಿದು ತೀರ್ಥಹಳ್ಳಿಗೆ ಹೋಗಿ ತಪ್ಪೊಪ್ಪಿಕೊಂಡೆ. ರಾಯರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ತಟ್ಟನೆ ನಗು ನಿಲ್ಲಿಸಿ ಕೇಳಿದರು:

"ತಿಮ್ಮಪ್ಪಂಗೆ ಹೇಳಿದ್ರಾ?"

"ಇಲ್ಲ."

"ಮತ್ತೆ ನಂಗೆ ಹೇಳಿ ಎಂತ ಬಂತು ಮಾರಾಯ್ರೆ? ಬೈಸಿಕೊಂಡೋನು ಅವನು. ಬೈದೋನು ನಾನು. ಮೊದ್ಲು ಅವನಿಗೆ ಹೇಳಿ."

ಸೋಮವಾರ ಶಾಲೆಯ ಜಗಲಿಯಲ್ಲಿ ತಿಮ್ಮಪ್ಪನನ್ನು ಕೂರಿಸಿಕೊಂಡು ಹೇಳಿದೆ. "ಮುರಿದದ್ದು ನಾನು ಮಾರಾಯ. ಎಸೆದದ್ದೂ ನಾನೇ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ತಲೆಯಾಡಿಸಿದ. "ಬಿಡಿ ಮೇಷ್ಟ್ರೆ, ನಂಗೆ ಸಮಾಧಾನ ಆಗ್ಲಿ ಅಂತ ಹೇಳ್ತೀರಿ. ಗುಡ್ಸಿದ್ದು ನಾನೇ. ಅವತ್ತು ನನ್ ಜೊತೆ ಕಸಕ್ಕೆ ಕೈ ಹಾಕಿದ್ದು ನೀವೊಬ್ರೇ ಅಲ್ವಾ? ಅವತ್ತಿಂದ ಒಂದ್ ದಿನಾನೂ ಕಸ ಕೆದಕಿ ನೋಡ್ದೆ ಚೆಲ್ಲಿಲ್ಲ ನಾನು. ದೊಡ್ಡ ಮನಸ್ಸು ನಿಮ್ದು."

ಇನ್ನೊಮ್ಮೆ ಹೇಳಬೇಕಿತ್ತು. ಆಣೆ ಮಾಡಿಯಾದರೂ ನಂಬಿಸಬೇಕಿತ್ತು. ಗಂಟೆ ಹೊಡೆಯಿತು, ನಾನು ತರಗತಿಗೆ ಹೋದೆ.

'ತಿಮ್ಮಪ್ಪನಿಗೆ ಹೇಳಿದೆ' ಎಂದು ಅಂದೇ ರಾಯರಿಗೆ ಕಾರ್ಡು ಬರೆದೆ. ಅದರಲ್ಲಿ ಸುಳ್ಳೇನೂ ಇಲ್ಲ. ಅವನು ಏನೆಂದನೆಂಬುದನ್ನು ಬರೆಯಲು ಕಾರ್ಡಿನಲ್ಲಿ ಜಾಗ ಸಾಲಲಿಲ್ಲವೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಳ್ಳುತ್ತಾ ಬಂದಿದ್ದೇನೆ.