ಕೆಂಪು ಚುಕ್ಕಿ ಮತ್ತು ಕೇಸರಿಬಾತ್

ಹೆದರುವ ವಿಷಯದಲ್ಲಿ ನಾನು ಯಾರಿಗೂ ಪಕ್ಷಪಾತ ಮಾಡಿದವನಲ್ಲ. ಹಲ್ಲಿಗೆ, ಲಿಫ್ಟಿಗೆ, ಗೊತ್ತಿಲ್ಲದ ನಂಬರಿನಿಂದ ಬರುವ ಫೋನಿಗೆ, ‘ನಿಮ್ಮ ಹತ್ರ ಸ್ವಲ್ಪ ಮಾತಾಡ್ಬೇಕು’ ಎನ್ನುವ ಹೆಂಡತಿಗೆ, ಎಲ್ಲಕ್ಕೂ ಸಮನಾಗಿ ಹೆದರುತ್ತೇನೆ. ಹೆಣ್ಣು ನೋಡಲೆಂದು ಅವಳ ಮನೆಗೆ ಹೋದ ದಿನವಂತೂ ಬಾಗಿಲಿನಿಂದಲೇ ಎರಡು ಸಲ ಹಿಂದಕ್ಕೆ ತಿರುಗಿದ್ದೆ. ಹೇಗೋ ಧೈರ್ಯ ಮಾಡಿ ಆಡಿದ ನಾಲ್ಕು ಮಾತೂ ಅವರ ಅಡುಗೆಮನೆಯ ಮಿಕ್ಸಿ ಸದ್ದಿನಲ್ಲಿ ಮುಳುಗಿಹೋದವು. ಆದರೂ ಮದುವೆಯಾಯಿತು. ನನ್ನ ಭಯಗಳ ಸಾಲಿಗೆ ಈಚೆಗೆ ಸೇರಿದ್ದು ಮೊಬೈಲಿನಲ್ಲಿ ಕಾಣುವ ಒಂದು ಕೆಂಪು ಚುಕ್ಕಿ.

ವಿಜಯನಗರದಲ್ಲಿ ಒಂದು ಬೇಕರಿಯ ಮೇಲಿರುವ ವಧು-ವರರ ಕೇಂದ್ರದಲ್ಲಿ ನನಗೆ ಕೆಲಸ. ಒಡತಿ ರುಕ್ಮಿಣಿ ಮೇಡಂ. ಜಾತಕಗಳನ್ನು ಜೋಡಿಸಿಡುವುದು ನನ್ನ ಪಾಲಿನದು. ಒಮ್ಮೆ ಇಂಟರ್‌ನೆಟ್ ನಿಂತಾಗ ಪ್ಲಗ್ ಕಿತ್ತು ಮತ್ತೆ ಹಾಕಿದೆ, ಬಂತು. ಅಂದಿನಿಂದ ವೈಫೈಯ ಯೋಗಕ್ಷೇಮವೂ ನನ್ನ ತಲೆಗೇ ಬಂತು. ಪ್ಯಾಂಟ್ರಿ ಎನ್ನುವ ಪುಟ್ಟ ಅಡುಗೆಕೋಣೆಯ ಗೋಡೆಗೆ ಅಂಟಿಕೊಂಡಂತೆ, ಬೋರಲು ಹಾಕಿದ ತಟ್ಟೆಯ ಹಾಗೆ ಇರುವ ಬಿಳಿ ಡಬ್ಬಿಗೆ ಆಕ್ಸೆಸ್ ಪಾಯಿಂಟ್ ಎಂದು ಹೆಸರು. ಆಫೀಸಿಗೆಲ್ಲ ವೈಫೈ ಹಂಚುವುದು ಅದೇ. ಅದನ್ನು ಹಾಕಿಕೊಟ್ಟ ಮಂಜುನಾಥ ನನ್ನ ಮೊಬೈಲಿಗೊಂದು ಆಪ್ ಇಳಿಸಿ, “ಹಸಿರು ಚುಕ್ಕಿ ಇದ್ರೆ ಸುಖ, ಕೆಂಪು ಬಂದ್ರೆ ಕಷ್ಟ, ಅಷ್ಟೇ ಸಾರ್” ಎಂದು ಹೇಳಿ ಹೋದ. ಅವತ್ತಿನಿಂದ ನನ್ನ ಕಣ್ಣು ಆ ಚುಕ್ಕಿ ಬಿಟ್ಟು ಕದಲಿಲ್ಲ. “ಊಟಕ್ಕೆ ಕೂತಾಗ್ಲೂ ಅದೇನ್ರೀ ನೋಡೋದು?” ಎಂದು ಹೆಂಡತಿ ಕೇಳಿದರೆ ಬಾಯಲ್ಲಿದ್ದ ಅನ್ನ ನುಂಗಲೂ ಭಯ.

ಭಯಕ್ಕೆ ಕಾರಣವಿತ್ತು. ಪರ ಊರಿನಲ್ಲಿರುವ ಹುಡುಗರನ್ನು ನಾವು ವಿಡಿಯೋ ಕಾಲಿನಲ್ಲಿ ತೋರಿಸುತ್ತೇವೆ. ಎರಡು ಸಲ, ಸರಿಯಾಗಿ ‘ಹುಡುಗಿ ಒಪ್ಪಿಗೆಯಾ?’ ಎಂದು ಕೇಳುವ ಹೊತ್ತಿಗೇ ಕಾಲ್ ನಿಂತಿತು. ಎರಡನೆಯ ಹುಡುಗನಂತೂ ಬಾಯಿ ತೆರೆದವನು ತೆರೆದಂತೆಯೇ ಉಳಿದುಬಿಟ್ಟ. ಹುಡುಗಿಯ ಅಜ್ಜಿ “ಅಪಶಕುನ, ಏಳಿ ಏಳಿ” ಎಂದು ಇಡೀ ಬಳಗವನ್ನೇ ಎಬ್ಬಿಸಿಕೊಂಡು ಹೊರಟರು. ಮೇಡಂ ನನ್ನನ್ನು ಕರೆದು ಹೇಳಿದರು: “ಶ್ರೀಕಂಠಯ್ಯನೋರೆ, ಗುರುವಾರ ದೀಪಾಂಜಲಿ ನಗರದ ಹುಡುಗಿ ಮನೆಯೋರು ಬರ್ತಾರೆ. ಅವತ್ತೂ ಕಟ್ ಆದ್ರೆ ಶುಕ್ರವಾರದಿಂದ ನೀವು ಬರೋದ್ ಬೇಡ.” ಈ ವಯಸ್ಸಿನಲ್ಲಿ ನನಗೆ ಬೇರೆ ಕೆಲಸ ಯಾರು ಕೊಡುತ್ತಾರೆ?

ಬುಧವಾರ ಊಟ ಸೇರಲಿಲ್ಲ. ಚಿತ್ರಾನ್ನವನ್ನು ಪಿಂಗಾಣಿ ಬಟ್ಟಲಿಗೆ ಹಾಕಿ, ಬಿಸಿಯಾದರೂ ಮಾಡೋಣವೆಂದು ಪ್ಯಾಂಟ್ರಿಯ ಮೈಕ್ರೋವೇವ್ ಓವನ್ನಿನಲ್ಲಿಟ್ಟೆ. ಅದು ಗುಂಯ್ ಎಂದಿತು. ಮೊಬೈಲ್ ನೋಡಿದರೆ ಕೆಂಪು ಚುಕ್ಕಿ! ಟಿಂಗ್ ಎಂದು ನಿಂತಿತು, ಹಸಿರು. ಬರೀ ನೀರಿಟ್ಟು ನೋಡಿದೆ. ಮತ್ತೆ ಕೆಂಪು. ಮಂಜುನಾಥನಿಗೆ ಫೋನ್ ಮಾಡಿದರೆ ನಕ್ಕ. “ಎರಡೂ ಒಂದೇ ಅಲೆಯಲ್ಲಿ ಮಾತಾಡ್ತಾವೆ ಸಾರ್. ಓವನ್ ಕಿರುಚ್ತಾ ಇದ್ರೆ ವೈಫೈ ಮಾತು ಯಾರಿಗ್ ಕೇಳ್ಸುತ್ತೆ? ಮುಂದಿನ ವಾರ ಬಂದು ಚಾನೆಲ್ ಬದಲಾಯಿಸಿ ವೈಫೈನ ಬೇರೆ ಅಲೆಗೆ ಹಾಕ್ತೀನಿ ಬಿಡಿ.”

ನನಗೆ ಆಗಲೇ ಎಲ್ಲ ಹೊಳೆದದ್ದು. ಹೆಣ್ಣು ತೋರಿಸುವಾಗ ಉಪ್ಪಿಟ್ಟು ಕೇಸರಿಬಾತ್ ಇಲ್ಲದಿದ್ದರೆ ನಡೆಯುತ್ತದೆಯೇ? ಮೇಡಂ ಬೆಳಿಗ್ಗೆ ಮನೆಯಿಂದ ತಂದದ್ದನ್ನು ಬಿಸಿ ಮಾಡುತ್ತಿದ್ದವನು ನಾನು. ಅದೂ ಸರಿಯಾಗಿ ಒಪ್ಪಿಗೆ ಕೇಳುವ ಗಳಿಗೆಯಲ್ಲಿ. ಕಾಲ್ ಎಲ್ಲಿ ನಿಂತುಬಿಡುತ್ತದೋ, ನಿಂತರೆ ಬಿಸಿ ಕೇಸರಿಬಾತಾದರೂ ಮಾನ ಉಳಿಸಲಿ ಎಂಬ ಭಯಕ್ಕೆ! ನಿಲ್ಲಿಸುತ್ತಿದ್ದದ್ದು ಆ ಭಯವೇ.

ಗುರುವಾರ ಕೇಸರಿಬಾತನ್ನು ಬಿಸಿ ಮಾಡದೆ, ತುಪ್ಪ ಬೆಳ್ಳಗೆ ಗಟ್ಟಿಯಾಗಿದ್ದ ಹಾಗೆಯೇ ತಟ್ಟೆಗೆ ಹಾಕಿದೆ. ಚುಕ್ಕಿ ಕೊನೆಯವರೆಗೂ ಹಸಿರಾಗಿತ್ತು. ಕಲಬುರಗಿಯಲ್ಲಿ ಕೆಲಸದಲ್ಲಿದ್ದ ಕೆಂಗೇರಿಯ ಹುಡುಗ ಕನ್ನಡಿಯಷ್ಟು ಸ್ವಚ್ಛವಾಗಿ ಕಂಡ. ಅಷ್ಟೇ ಸ್ವಚ್ಛವಾಗಿ, “ನಂದೇನಿಲ್ಲ, ಅಮ್ಮ ಏನ್ ಹೇಳ್ತಾರೋ ಅದೇ. ಹೆಂಡ್ತಿಯಾದೋಳೂ ಹಂಗೇ ಇರ್ಬೇಕು” ಎಂದ. ಒಂದಕ್ಷರವೂ ಕಳೆದುಹೋಗಲಿಲ್ಲ. ಹುಡುಗಿ, “ಹಂಗಾದ್ರೆ ನಿಮ್ಮಮ್ಮನ ಜೊತೇಲೇ ಚೆನ್ನಾಗಿರಿ” ಎಂದು ಎದ್ದೇಬಿಟ್ಟಳು.

ಎಲ್ಲರೂ ಹೋದ ಮೇಲೆ ಮೇಡಂ ಮುಂದೆ ಹೋಗಿ ನಿಂತೆ. “ವೈಫೈ ಒಂದ್ ಸಲಾನೂ ಕಟ್ ಆಗ್ಲಿಲ್ಲ ಮೇಡಂ.”

“ಅದೇ ಕಣ್ರೀ ತೊಂದ್ರೆ ಆಗಿದ್ದು!”

ಓವನ್ ವಿಷಯವನ್ನೆಲ್ಲ ಒದರಿಬಿಟ್ಟೆ. ಅವರು ಬಯ್ಯಲಿಲ್ಲ. ಮಂಜುನಾಥ ಬರುವುದು ಬೇಡವೆಂದು ಅವತ್ತೇ ಫೋನ್ ಹೋಯಿತು. ಈಗ ಹುಡುಗ ಬೇಡದ್ದೇನಾದರೂ ಆಡುವ ಸೂಚನೆ ಕಂಡರೆ ಮೇಡಂ ಒಳಗೆ ತಿರುಗಿ, “ಶ್ರೀಕಂಠಯ್ಯನೋರೆ, ಕೇಸರಿಬಾತ್ ಬಿಸಿ ಮಾಡ್ರಿ” ಎನ್ನುತ್ತಾರೆ. ನಾನು ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾಯುತ್ತೇನೆ. ಯಾವ ಹುಡುಗಿ ಏನು ಕೇಳಿಸಿಕೊಳ್ಳದೆ ಒಪ್ಪಿಬಿಡುತ್ತಾಳೋ ಎಂಬ ಹೊಸ ಭಯ ಬೇರೆ.

ಮೊನ್ನೆ ಇದನ್ನೆಲ್ಲ ಹೆಂಡತಿಗೆ ಹೇಳಿಕೊಂಡೆ. ಅವಳು ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. “ಅಲ್ಲಾರೀ, ಅವತ್ತು ನಮ್ಮನೇಲಿ ಮಿಕ್ಸಿ ಓಡ್ದೇ ಇದ್ದಿದ್ರೆ...”

ಮುಂದಿನದನ್ನು ಕೇಳುವ ಧೈರ್ಯ ನನಗಿರಲಿಲ್ಲ. ತುರಿದಷ್ಟು ಕಾಯನ್ನೇ ಬಾಚಿಕೊಂಡು ಹೋಗಿ ಮಿಕ್ಸಿ ಹಾಕಿದೆ.