ರಾಣಿಯ ಹೊಟ್ಟೆಯೂ ನನ್ನ ಹಾಲಿನ ಪಾಂಡಿತ್ಯವೂ

ಹಾಲಿನ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲ ಎಂದು ಹೋದ ತಿಂಗಳವರೆಗೂ ನಾನು ನಂಬಿದ್ದೆ. ಬೂದಿಕೋಟೆ ರಸ್ತೆಯ ಒಂದು ಹಳ್ಳಿಯ ಹಾಲಿನ ಡೈರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಹಾಲು ಪರೀಕ್ಷೆ ಮಾಡುವವನು ನಾನು. ಯಂತ್ರವೇನೋ ಇದೆ, ಇರಲಿ ಬಿಡಿ. ಒಂದು ತೊಟ್ಟು ಹಾಲನ್ನು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟುಕೊಂಡು ಕೈ ಓರೆ ಮಾಡಿದರೆ ಸಾಕು, ನೀರು ಬೆರೆತಿದೆಯೋ ಇಲ್ಲವೋ ಹೇಳಿಬಿಡುತ್ತೇನೆ. ಮೂಸಿ ನೋಡಿ, ಹಸು ನಿನ್ನೆ ಏನು ಮೇಯ್ದಿತ್ತು ಎಂದೂ ಹೇಳಬಲ್ಲೆ. ನಾನು ಮೂಗು ಮುಂದೆ ತಂದರೆ ಕ್ಯಾನು ಹಿಡಿದು ನಿಂತ ರೈತರು ಉಸಿರು ಬಿಗಿಹಿಡಿಯುತ್ತಾರೆ. ಇಂಥವನ ಮನೆಯಲ್ಲಿ ಒಂದು ಬೆಕ್ಕಿನ ಹೊಟ್ಟೆ ಕೆಟ್ಟರೆ ಅದೂ ಒಂದು ಸಮಸ್ಯೆಯೇ?

ನಮ್ಮ ಮನೆ ಉರಿಗಾಂನಲ್ಲಿ, ಚಿನ್ನದ ಗಣಿಯವರು ಕೂಲಿಗಾರರಿಗೆ ಕಟ್ಟಿಸಿದ್ದ ಲೈನ್ ಮನೆಗಳ ಸಾಲಿನಲ್ಲಿದೆ. ಎರಡು ಮನೆಗೆ ಒಂದೇ ಗೋಡೆ. ಗೋಡೆಯ ಆಚೆ ಸೆಲ್ವಿ ಅಕ್ಕ, ಈಚೆ ನಾನು ಮತ್ತು ನನ್ನ ಹೆಂಡತಿ ಮಂಜುಳ. ಹಿತ್ತಿಲ ಗೋಡೆಯ ಮೇಲೆ ರಾಣಿ. ಮಂಜುಳಳಿಗೆ ಅದು ಬೆಕ್ಕಲ್ಲ, ಮನೆಮಗಳು. ಆದರೆ ಮಗಳ ಊಟ ಮಾತ್ರ ಪಕ್ಕದ ಮನೆಯಲ್ಲಿ. ಸೆಲ್ವಿ ಅಕ್ಕ ದಿನಾ ಸಂಜೆ ಉಪ್ಪು ಖಾರ ಹಾಕದೆ ಬೇಯಿಸಿದ ಮೀನನ್ನು ಅನ್ನದಲ್ಲಿ ಕಲಸಿ ಇಡುತ್ತಿದ್ದರು. ರಾಣಿ ಅಲ್ಲಿ ತಿಂದು, ಇಲ್ಲಿ ಬಂದು ಮಲಗುತ್ತಿತ್ತು. ನಮ್ಮ ಮನೆಯೇನು ಛತ್ರವೇ? ನನಗೆ ಹೊಟ್ಟೆಕಿಚ್ಚಾಯಿತು. ಒಳ್ಳೆಯ ನಾಟಿ ಹಸುವಿನ ಹಾಲನ್ನು ಆರಿಸಿ, ರಾಣಿಗೆಂದೇ ಬೇರೆ ಡಬ್ಬಿಯಲ್ಲಿ ತರತೊಡಗಿದೆ. ರಾಣಿ ಬಟ್ಟಲು ನೆಕ್ಕಿ ನೆಕ್ಕಿ ಕುಡಿಯಿತು. ನಾನು ಮೀಸೆ ತಿರುವಿದೆ.

ನಾಲ್ಕನೇ ದಿನ ರಾಣಿಗೆ ಭೇದಿ ಶುರುವಾಯಿತು. ಮೊದಲು ಬಾಗಿಲ ಬಳಿಯ ಗೋಣಿತಾಟಿನ ಮೇಲೆ. ಆಮೇಲೆ ನನ್ನ ಚಪ್ಪಲಿಯ ಮೇಲೆ.

ಡಾಕ್ಟರಿಗೆ ತೋರಿಸೋಣ ಎಂದಳು ಮಂಜುಳ. ನಾನಿರುವಾಗ ಡಾಕ್ಟರೇಕೆ ಎಂದೆ. ರೋಗದ ಮೂಲವನ್ನು ಎರಡೇ ನಿಮಿಷದಲ್ಲಿ ಪತ್ತೆ ಮಾಡಿದೆ: ಮೀನು! ತಕ್ಷಣ ಹೊರಟು ಬೀದಿ ನಲ್ಲಿಯ ಹತ್ತಿರ ಹೋದೆ. ನೀರು ಬರುವ ಹೊತ್ತು. ಸಾಲಿನ ಹೆಂಗಸರೆಲ್ಲ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಅವರೆಲ್ಲರ ಮುಂದೆ ನಾನು ಸೆಲ್ವಿ ಅಕ್ಕನಿಗೆ, ಕೊಳೆತ ಮೀನು ಹಾಕಿ ನಮ್ಮ ಬೆಕ್ಕನ್ನು ಸಾಯಿಸುತ್ತಿದ್ದೀರಿ, ಇನ್ನು ಮುಂದೆ ಅದಕ್ಕೆ ಏನೂ ಹಾಕಕೂಡದು ಎಂದು ಅಪ್ಪಣೆ ಹೊರಡಿಸಿದೆ.

ಸೆಲ್ವಿ ಅಕ್ಕ ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ಹೋದರು. ಮೂರು ವರ್ಷದ ಹಿಂದೆ ಮಂಜುಳಳಿಗೆ ಆಪರೇಷನ್ ಆದಾಗ ಒಂದು ತಿಂಗಳು ಎರಡು ಹೊತ್ತೂ ರಸಂ ಅನ್ನ ತಂದುಕೊಟ್ಟ ಕೈ ಅದು. ಆ ಅನ್ನವನ್ನು ನಾನೂ ತಿಂದಿದ್ದೆ. ಆಗ ಅದು ನೆನಪಾಗಲಿಲ್ಲ. ಈಗ ನೆನೆಸಿಕೊಂಡರೆ ಮುಖ ಎಲ್ಲಿ ಇಟ್ಟುಕೊಳ್ಳಲಿ ಅನಿಸುತ್ತದೆ.

ಮೀನು ನಿಂತಿತು. ಭೇದಿ ನಿಲ್ಲಲಿಲ್ಲ. ರಾಣಿಗೆ ಶಕ್ತಿ ಸಾಲದು ಎಂದು ತೀರ್ಮಾನಿಸಿ ಅರ್ಧ ಲೋಟ ಹಾಲನ್ನು ಒಂದು ಲೋಟ ಮಾಡಿದೆ. ಜಾಸ್ತಿಯಾಯಿತು. ಹಸುವಿನ ಹಾಲು ತೆಳುವಾಯಿತೆಂದು ಎಮ್ಮೆ ಹಾಲು ತಂದೆ. ಇನ್ನೂ ಜಾಸ್ತಿಯಾಯಿತು. ಅಷ್ಟರಲ್ಲಿ ಡೈರಿಯ ಹಳ್ಳಿಯಲ್ಲಿ ಒಂದು ಹಸು ಕರು ಹಾಕಿತು. ಕರು ಕುಡಿದು ಮಿಕ್ಕ ಗಿಣ್ಣು ಹಾಲನ್ನು ಕಾಡಿ ಬೇಡಿ ತಂದೆ.

"ಅದು ಕರೂಗೆ ಕಣ್ರೀ, ಬೆಕ್ಕಿಗಲ್ಲ" ಎಂದಳು ಮಂಜುಳ.

ಹಾಲಿನ ವಿಷಯ ನನಗೆ ಹೇಳಿಕೊಡಬೇಡ ಎಂದೆ. ಆಮೇಲೆ ನಡೆದದ್ದನ್ನು ಬರೆಯುವಂತಿಲ್ಲ. ನಾವು ಮನೆ ತೊಳೆದೆವು ಎಂದಷ್ಟೇ ಹೇಳುತ್ತೇನೆ.

ಮಧ್ಯಾಹ್ನದ ಹೊತ್ತಿಗೆ ರಾಣಿಗೆ ಗೋಡೆ ಹತ್ತುವ ತ್ರಾಣವೂ ಉಳಿಯಲಿಲ್ಲ. ಸೆಲ್ವಿ ಅಕ್ಕನ ಮುಚ್ಚಿದ ಬಾಗಿಲ ಮುಂದೆ ಹೋಗಿ, ಬಾಯಿ ತೆರೆದು, ದನಿ ಬಾರದೆ ಕೂತುಕೊಂಡಿತು. ಮಂಜುಳ ಅದನ್ನು ಎತ್ತಿ ತಂದು ಬುಟ್ಟಿಯಲ್ಲಿ ಮಲಗಿಸಿದಳು.

"ಇದಕ್ಕೇನಾದ್ರೂ ಆದ್ರೆ ನಾನು ನಿಮ್ಮತ್ರ ಮಾತಾಡಾಕಿಲ್ಲ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನನಗೆ ಮೊದಲ ಸಲ ಭಯವಾಯಿತು.

ಬಂಗಾರಪೇಟೆಗೆ ರೈಲು ಹತ್ತಿದೆವು. ಬುಟ್ಟಿ ನನ್ನ ತೊಡೆಯ ಮೇಲೆ. ಕೋರಮಂಡಲ್ ಸ್ಟೇಷನ್ ದಾಟುವಷ್ಟರಲ್ಲಿ ತೊಡೆ ಬೆಚ್ಚಗಾಯಿತು. ಬಿಳಿ ಪಂಚೆ ಬೇರೆ! ಎದುರಿಗೆ ಕೂತಿದ್ದವನು ನಾರಾಯಣಪ್ಪ. ಹಿಂದಿನ ವಾರವಷ್ಟೇ ನೀರು ಬೆರೆಸಿದ್ದಾನೆಂದು ಎಲ್ಲರೆದುರು ಅವನ ಹಾಲನ್ನು ವಾಪಸು ಕಳಿಸಿದ್ದೆ. ಅವನು ಮೂಗು ಅರಳಿಸಿ ಒಮ್ಮೆ ಬುಟ್ಟಿ ನೋಡಿದ, ಒಮ್ಮೆ ನನ್ನ ಪಂಚೆ ನೋಡಿದ.

"ಏನ್ ಸಾಮಿ, ಆಲು ಒಡ್ದೋಯ್ತಾ?" ಎಂದ.

ಬೋಗಿಯ ಜನವೆಲ್ಲ ನಕ್ಕಿತು. ಬಂಗಾರಪೇಟೆ ಬರುವವರೆಗೂ ನಾನು ಕಿಟಕಿಯಾಚೆ ಗಣಿಯ ಮಣ್ಣು ಸುರಿದು ಎದ್ದ ಸಯನೈಡ್ ದಿಬ್ಬಗಳನ್ನು ಬಹಳ ಆಸಕ್ತಿಯಿಂದ ನೋಡಿದೆ. ದಿಬ್ಬಗಳು ಮುಗಿದ ಮೇಲೂ ನೋಡಿದೆ.

ಅಲ್ಲಿನ ಪಶು ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ಡೈರಿಯ ರೈತರ ಹಸುಗಳನ್ನೂ ನೋಡುವವರು, ನನಗೆ ಪರಿಚಯ. ರಾಣಿಗೆ ಚರ್ಮದಡಿ ಸಲೈನ್ ಕೊಡುತ್ತಾ, ಏನೇನು ಹಾಕುತ್ತಿದ್ದೀರಿ ಎಂದು ಕೇಳಿದರು. ನಾಟಿ ಹಸು, ಎಮ್ಮೆ, ಗಿಣ್ಣು ಎಂದು ಕ್ರಮವಾಗಿ ವರದಿ ಒಪ್ಪಿಸಿದೆ. ಅವರು ಕೈಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. ಹಾಲು ಶುರುವಾಗಿ ಎಷ್ಟು ದಿನ? ಹದಿನೈದು ಎಂದೆ. ಭೇದಿ? ಹನ್ನೆರಡು ಎಂದೆ. ಹೇಳುತ್ತಿದ್ದ ಹಾಗೇ ಲೆಕ್ಕ ನನಗೂ ಅರ್ಥವಾಯಿತು.

ಬೆಳೆದ ಬೆಕ್ಕುಗಳಲ್ಲಿ ಎಷ್ಟೋ ಬೆಕ್ಕಿಗೆ ಹಾಲು ಜೀರ್ಣವಾಗುವುದಿಲ್ಲವಂತೆ. ಇಪ್ಪತ್ತೆರಡು ವರ್ಷದಲ್ಲಿ ಯಾವ ಹಸುವೂ ನನಗೆ ಇದನ್ನು ಹೇಳಿರಲಿಲ್ಲ!

"ಮೀನು?" ಎಂದೆ, ಕೊನೆಯ ಆಸೆಯಿಂದ.

"ಉಪ್ಪು ಖಾರ ಇಲ್ಲದೆ, ಮುಳ್ಳು ತೆಗೆದು ಬೇಯಿಸಿದ್ದಾದರೆ ಅದೇ ಒಳ್ಳೇದು. ನಾಳೆಯಿಂದ ಸ್ವಲ್ಪ ಸ್ವಲ್ಪ ಅದನ್ನೇ ಕೊಡಿ."

"ಅದನ್ನ ಪಕ್ಕದ ಮನೆ ಅಕ್ಕ ಆಕ್ತಿದ್ರು ಮೇಡಂ. ಇವರೇ ನಿಲ್ಲಿಸಿದ್ದು" ಎಂದಳು ಮಂಜುಳ. ಅವಳು ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದಮೇಲೆ ಮಂಜುಳಳ ತೀರ್ಪು ಬಂತು: ಎಲ್ಲಿ ನಿಂತು ಬೈದಿದ್ದೆನೋ ಅಲ್ಲೇ ನಿಂತು ಕ್ಷಮೆ ಕೇಳಬೇಕು. ಬೆಳಿಗ್ಗೆ ಮಂಜುಳಳ ಜೊತೆ ನಲ್ಲಿಯ ಹತ್ತಿರ ಹೋದೆ. ಬರಿಗೈಯಲ್ಲಿ ಹೋಗುವುದು ಸರಿಯಲ್ಲವೆಂದು ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಡಬ್ಬಿ ಹಿಡಿದು ಹೊರಟಿದ್ದೆ. ಅದು ರಾಣಿಗೆಂದು ಕಾಯಿಸಿಟ್ಟು ಉಳಿದಿದ್ದ ಎಮ್ಮೆ ಹಾಲು ಎಂಬುದು ಅರ್ಧ ದಾರಿಯಲ್ಲಿ ಹೊಳೆಯಿತು. ಅಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

"ತಪ್ಪಾಯ್ತು ಅಕ್ಕ. ನಿಮ್ಮ ಮೀನಿಂದ ಏನೂ ಆಗಿರಲಿಲ್ಲ. ಹೊಟ್ಟೆ ಕೆಡಿಸಿದ್ದು ನಾನು" ಎಂದೆ. ಡಬ್ಬಿಯನ್ನು ಮುಂದೆ ಚಾಚಿದೆ.

ಸೆಲ್ವಿ ಅಕ್ಕ ಡಬ್ಬಿಯ ಮುಚ್ಚಳ ತೆಗೆದರು. ನಾನು ಡೈರಿಯಲ್ಲಿ ಮಾಡುವ ಹಾಗೇ ಒಂದು ತೊಟ್ಟು ಹೆಬ್ಬೆರಳ ಉಗುರಿನ ಮೇಲೆ ಬಿಟ್ಟುಕೊಂಡು ಕೈ ಓರೆ ಮಾಡಿದರು. ತೊಟ್ಟು ಸರ್ರನೆ ಜಾರಿ ಹೋಯಿತು.

"ಎನ್ನಪ್ಪಾ, ಇದರಲ್ಲಿ ಬರೀ ತಣ್ಣಿ ಐತಲ್ಲ" ಎಂದರು.

ತಣ್ಣಿ ಎಂದರೆ ನೀರು ಎಂದು ನಮ್ಮ ಊರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಬಿಂದಿಗೆಗಳ ಸಾಲೇ ನಕ್ಕಿತು. ನಾನು ಮಂಜುಳಳತ್ತ ತಿರುಗಿದೆ. ಅವಳು ನಲ್ಲಿಯನ್ನೇ ನೋಡುತ್ತಿದ್ದಳು. ಗಟ್ಟಿ ಹಾಲು ಬೇಡವೆಂದರೆ ನಾನು ಕೇಳುವವನಲ್ಲವೆಂದು, ಬೆಕ್ಕಿನ ಮೇಲಿನ ಕರುಣೆಯಿಂದ ದಿನಾ ಅರ್ಧಕ್ಕರ್ಧ ನೀರು ಬೆರೆಸುತ್ತಿದ್ದಳಂತೆ. ದಿನಾ ನಾನೇ ಬಟ್ಟಲಿಗೆ ಬಗ್ಗಿಸುತ್ತಿದ್ದೆ. ನನಗೆ ಗೊತ್ತೇ ಆಗಿರಲಿಲ್ಲ!

"ಪರವಾಗಿಲ್ಲ ಬಿಡು, ಟೀಗೆ ಆಗುತ್ತೆ" ಎಂದು ಸೆಲ್ವಿ ಅಕ್ಕ ಡಬ್ಬಿ ತೆಗೆದುಕೊಂಡರು. ಆಮೇಲೆ ನನಗೆ ಶಿಕ್ಷೆಯನ್ನೂ ಹೇಳಿದರು. ಇನ್ನು ಮುಂದೆ ರಾಣಿಯ ಮೀನು ತರುವುದೂ, ಉಜ್ಜಿ ತೊಳೆಯುವುದೂ, ಮುಳ್ಳು ಬಿಡಿಸುವುದೂ ನನ್ನ ಕೆಲಸ. ಬೇಯಿಸುವುದು ಮಾತ್ರ ಅವರದು.

ರಾಣಿ ಮತ್ತೆ ಗೋಡೆ ಹತ್ತುತ್ತಿದೆ. ಊಟ ಅಲ್ಲಿ, ನಿದ್ದೆ ಇಲ್ಲಿ. ನಾನು ಬೆಳಿಗ್ಗೆ ಎದ್ದು ಮೀನು ಉಜ್ಜಿ, ಮೊಪೆಡ್ ಹತ್ತಿ ಡೈರಿಗೆ ಹೋಗುತ್ತೇನೆ. ಎಷ್ಟು ಸೋಪು ಹಾಕಿದರೂ ವಾಸನೆ ಹೋಗುವುದಿಲ್ಲ. ಮೊನ್ನೆ ನಾರಾಯಣಪ್ಪ ತನ್ನ ಕ್ಯಾನನ್ನು ಹಿಂದಕ್ಕೆಳೆದುಕೊಂಡು, ಮೊದಲು ಕೈ ತೋರಿಸಿ ಸಾಮಿ ಎಂದ. ಉಳಿದವರೂ ಅದನ್ನೇ ಹಿಡಿದರು. ಇಪ್ಪತ್ತೆರಡು ವರ್ಷ ನಾನು ಅವರ ಹಾಲು ಮೂಸಿದೆ. ಈಗ ಅವರು ಸಾಲಾಗಿ ನಿಂತು ನನ್ನ ಕೈ ಮೂಸುತ್ತಾರೆ.